ಉತ್ತರದ ರಾಣಿ

ಒಂದಲ್ಲ ಒಂದು ಕಾಲದಲ್ಲಿ, ಏಳು ಕೆರೆಗಳ ನಡುವಿನ ಊರಿನಲ್ಲಿ ಒಬ್ಬ ರಾಜನಿದ್ದನಂತೆ. ಅವನ ವಸಡು ಬಾತು, ಮಾತಾಡಿದರೆ ರಕ್ತ, ನಕ್ಕರೆ ರಕ್ತ. ಏಳು ಪಂಡಿತರ ಏಳು ಲೇಪವೂ ಸೋತವು. ರಾಣಿ ಮುದ್ದಾಜಮ್ಮ ಗಂಜಿ ಆರಿಸಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು.

ಒಂದು ಬೆಳಗಿನ ಜಾವ ರಾಜನ ಕನಸಿನಲ್ಲಿ, ಮಂಜಿನೊಳಗಿಂದ ಬಿಳಿ ಕೊಕ್ಕರೆಯೊಂದು ನಡೆದು ಬಂತಂತೆ. 'ಉತ್ತರಾಣಿ ಬಂದರೆ ವಸಡು ವಾಸಿ' ಎಂದಿತಂತೆ.

"ಉತ್ತರದ ರಾಣಿ ಬರಬೇಕಂತೆ. ಜಾವದ ಕನಸು ಸುಳ್ಳಾಗದು" ಎಂದ ರಾಜ. ಮಂತ್ರಿ ಮೇನೆಯೊಡನೆ ಉತ್ತರಕ್ಕೆ ಹೊರಟ. ಮೂರೇಳು ಇಪ್ಪತ್ತೊಂದು ದಿನಕ್ಕೆ ಹೊಸ ರಾಣಿ ಬರಬೇಕು, ಮುದ್ದಾಜಮ್ಮ ತವರಿಗೆ ಹೋಗಬೇಕು.

"ನಾನು ರಾಣಿಯಲ್ಲವೇ?"

"ನೀನು ದಕ್ಷಿಣದವಳು." ಬಾತ ಬಾಯಲ್ಲಿ ಅಷ್ಟೇ ಹೊರಟಿತು.

ಆ ಕೊಕ್ಕರೆಯನ್ನೇ ಕೇಳಿಬಿಡೋಣವೆಂದು ಅವಳು ದಿನಕ್ಕೊಂದು ಕೆರೆ ಸುತ್ತಿದಳು. ಆರು ಕೆರೆಗಳಲ್ಲಿ ಬರೀ ಮಂಜು. ಏಳನೆಯದರಲ್ಲಿ ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿತ್ತು. ಅವಳು ಕೇಳುವಷ್ಟರಲ್ಲಿ ಏರಿಯ ಪೊದೆಗಳ ಮೇಲೆ ಹಾರಿತು. ಅವಳು ಪೊದೆ ಹೊಕ್ಕು ಹಿಂಬಾಲಿಸಿದಳು. ಕೊಕ್ಕರೆ ಬೆಳಕಿನಲ್ಲಿ ಕರಗಿಹೋಯಿತು.

ಅರಮನೆಯಲ್ಲಿ ಮಡಿವಾಳಗಿತ್ತಿ ಸಣ್ಣೀರಮ್ಮ ಸೀರೆ ಕೈಗೆತ್ತಿಕೊಂಡವಳೇ ಗೊಣಗಿದಳು. "ಏನು ತಾಯಿ, ನೆರಿಗೆ ತುಂಬ ಉತ್ತರಾಣಿ ತಂದಿದ್ದೀರಿ."

"ಏನಂದೆ?"

"ಉತ್ತರಾಣಿ ತಾಯಿ, ಈ ಅಂಟುವ ಕಾಯಿಯ ಗಿಡ. ಹಿಡಿದರೆ ಬಿಡುವ ಜಾತಿಯಲ್ಲ. ನಮ್ಮ ಕೇರಿಯವರು ಇದರ ಬೇರಿನಲ್ಲೇ ಹಲ್ಲುಜ್ಜುವುದು. ನಮ್ಮತ್ತೆಗೆ ಎಂಬತ್ತು; ಕಡಲೆಯನ್ನೂ ಕಡಿಯುತ್ತಾಳೆ, ನನ್ನನ್ನೂ ಕಡಿಯುತ್ತಾಳೆ."

ಮುದ್ದಾಜಮ್ಮ ತಾನೇ ಹೋಗಿ ಬೇರು ಅಗೆದಳು. ತೊಳೆದು, ತುದಿ ಜಜ್ಜಿ ಕುಂಚ ಮಾಡಿ, ದಿನಾ ಎರಡು ಹೊತ್ತು ರಾಜನ ವಸಡನ್ನು ಮೆಲ್ಲಗೆ ತಿಕ್ಕಿದಳು. ಏಳು ದಿನಕ್ಕೆ ಬಾವು ಇಳಿಯಿತು, ಮತ್ತೇಳು ದಿನಕ್ಕೆ ರಕ್ತ ನಿಂತಿತು.

ಇಪ್ಪತ್ತೊಂದನೆಯ ದಿನ ಮೇನೆ ಬಂತು. ಒಳಗೆ ಯಾರೂ ಇಲ್ಲ.

"ಮಹಾಸ್ವಾಮಿ, ಎಷ್ಟು ಹೋದರೂ ಅದರಾಚೆ ಇನ್ನಷ್ಟು ಉತ್ತರವೇ ಇತ್ತು" ಎಂದ ಮಂತ್ರಿ. ಅವನ ಪಂಚೆಯ ತುಂಬ ಉತ್ತರಾಣಿ ಕಾಯಿ.

"ಇಷ್ಟೊಂದು ಏಕೆ ತಂದಿರಿ?" ಎಂದಳು ರಾಣಿ. "ನಮ್ಮಲ್ಲಿಗೆ ಉತ್ತರಾಣಿ ಬಂದು ಹದಿನಾಲ್ಕು ದಿನವಾಯಿತು."

ರಾಜ ಹಲ್ಲು ಕಾಣುವಂತೆ ನಕ್ಕ. ಒಂದು ತೊಟ್ಟೂ ರಕ್ತ ಬರಲಿಲ್ಲ. ರಾಣಿಗೆಂದು ಹೊರಟ ಮೇನೆ ಬರಿದಾಗಿ ಉಳಿಯಬಾರದೆಂದು ಮುದ್ದಾಜಮ್ಮ ಹತ್ತಿ ಕುಳಿತಳು. ಮೇನೆ ಏಳು ಕೆರೆ ಸುತ್ತಿತಂತೆ. ಪಕ್ಕದಲ್ಲಿ ರಾಜ ಕಬ್ಬು ಸಿಗಿಯುತ್ತ ನಡೆದನಂತೆ.

ಅವರು ಅಲ್ಲಿ ಕಬ್ಬು ಜಗಿದರು, ನಾವು ಇಲ್ಲಿ ಬಾಯಿ ಮುಕ್ಕಳಿಸಿ ಎದ್ದೆವು.