ಮೃದಂಗ ಮಾಡುವವನ ಎದೆಬಡಿತ

"ಗುರುಗಳೇ, ದಿನವೂ ಬೆಳಗ್ಗೆ ದೇವರನ್ನು, ನಿಮ್ಮನ್ನು, ಹಿಂದಿನ ಗುರುಗಳನ್ನೆಲ್ಲ ನೆನೆದು ಕೈಮುಗಿಯುತ್ತೇನೆ. ಯಾರನ್ನಾದರೂ ಮರೆತಿದ್ದೇನೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮೃದಂಗ ಮಾಡುವವನಿದ್ದ. ಬಲು ಸೂಕ್ಷ್ಮ ಕಿವಿ. ಮೃದಂಗದ ಅಂಚಿನ ಸುತ್ತ ತಟ್ಟಿ ನೋಡಿ, ದೋಷ ಎಲ್ಲಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದ. ಅದರ ಜಂಬವೂ ಸಾಕಷ್ಟಿತ್ತು. ಒಂದು ಶನಿವಾರ ಹೆಂಡತಿ ಅವನ ಎದೆಗೆ ಎಣ್ಣೆ ತಿಕ್ಕುತ್ತ ಕೈ ನಿಲ್ಲಿಸಿ, "ಬಡಿತ ನಡುನಡುವೆ ತಪ್ಪುತ್ತೆ ಕಣ್ರೀ" ಎಂದಳು.

"ತಾಳದ ಗಂಧವೇ ಇಲ್ಲದವಳು ನನಗೆ ಲಯ ಹೇಳಿಕೊಡ್ತೀಯಾ?" ಎಂದು ಅವನು ನಕ್ಕುಬಿಟ್ಟ. ಅವಳು ಪ್ರತಿ ಶನಿವಾರವೂ ಹೇಳಿದಳು. ಅವನು ಪ್ರತಿ ಶನಿವಾರವೂ ನಕ್ಕ.

ಒಂದು ದಿನ ಕೆಲಸದ ನಡುವೆಯೇ ಕಣ್ಣು ಕತ್ತಲಿಟ್ಟು ಬಿದ್ದ. ಎದ್ದ ಮೇಲೂ ಆಸ್ಪತ್ರೆ ಬೇಡವೆಂದ. ಎದೆ ಕೊಯ್ಯುತ್ತಾರೆ, ಒಮ್ಮೆ ಕೊಯ್ದ ಚರ್ಮ ಮತ್ತೆ ನುಡಿಯುವುದಿಲ್ಲ ಎಂದು ಅವನ ಹೆದರಿಕೆ. ಹೆಂಡತಿ ಕೈಹಿಡಿದು ಎಳೆದುಕೊಂಡೇ ಹೋದಳು.

ವೈದ್ಯೆ ಕೊಯ್ಯಲಿಲ್ಲ. ಸಣ್ಣ ಬಿಲ್ಲೆಗಳಿದ್ದ ಒಂದು ಅಂಗಿ ತೊಡಿಸಿದರು. ಎದೆಗೂ ಬೆನ್ನಿಗೂ ಸೇರಿ ಇನ್ನೂರಕ್ಕೂ ಹೆಚ್ಚು ಬಿಲ್ಲೆ. ಹೃದಯದಲ್ಲಿ ಹರಿಯುವ ವಿದ್ಯುತ್ತನ್ನು ಅವು ಮೈಮೇಲಿಂದಲೇ ಗುರುತಿಸಿದವು. ಕಂಪ್ಯೂಟರಿನಲ್ಲಿ ಅವನ ಹೃದಯದ ಚಿತ್ರ ಮೂಡಿತು. ವೈದ್ಯೆ ಅದರ ಒಂದು ಮೂಲೆಗೆ ಬೆರಳಿಟ್ಟು, "ಈ ಜಾಗ ಸರದಿ ಕಾಯದೆ ಮೊದಲೇ ಬಡಿಯುತ್ತಿದೆ" ಎಂದರು. ಅಂಚು ತಟ್ಟಿ ಒಳಗನ್ನು ತಿಳಿಯುವ ತನ್ನದೇ ವಿದ್ಯೆ ಅದು ಎನ್ನಿಸಿ ಅವನ ಕಣ್ಣು ತುಂಬಿತು. ತೊಡೆಯ ರಕ್ತನಾಳದಿಂದ ಸಣ್ಣ ತಂತಿ ತೂರಿಸಿ, ಎದೆ ಕೊಯ್ಯದೆಯೇ ಆ ಜಾಗವನ್ನು ಸರಿಪಡಿಸಿದರು.

ಮನೆಗೆ ಹೊರಡುವಾಗ ಅವನು ವೈದ್ಯೆಗೆ ಕೈಮುಗಿದ. ಗೂಟಕ್ಕೆ ನೇತುಹಾಕಿದ್ದ ಆ ಅಂಗಿಗೂ ಮುಗಿದ. ವೈದ್ಯೆ ನಕ್ಕು, "ಇಷ್ಟೊಂದು ಬಿಲ್ಲೆ ಅಂಟಿಸಿ ನಾವು ಕಂಡದ್ದನ್ನು ನಿಮ್ಮ ಮನೆಯವರು ಬರಿಗೈಯಲ್ಲಿ ಕಂಡಿದ್ದರಂತಲ್ಲ. ಅವರಿಗೇನು ಹೇಳಿದಿರಿ?" ಎಂದು ಕೇಳಿದರು.

ಅವನು ಏನೂ ಹೇಳಿರಲಿಲ್ಲ. ಬಾಗಿಲಾಚೆ ಚೀಲ ಹಿಡಿದು ನಿಂತಿದ್ದ ಹೆಂಡತಿಗೆ ಎಲ್ಲರೆದುರೇ ಕೈಮುಗಿದ. "ನಾನು ಬದುಕಿರೋದು ನಿನ್ನಿಂದ" ಎಂದ.

"ಅಯ್ಯೋ, ಕೈ ಇಳಿಸ್ರೀ, ಜನ ನೋಡ್ತಾರೆ" ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗುರುಗಳು ಕತೆ ನಿಲ್ಲಿಸಿ ಶಿಷ್ಯನನ್ನು ನೋಡಿದರು.

"ನೀನು ಮಠಕ್ಕೆ ಹೊರಟ ದಿನ ಬುತ್ತಿ ಕಟ್ಟಿಕೊಟ್ಟವರು ಯಾರಪ್ಪ?"

ಶಿಷ್ಯ ಊರಿನ ದಿಕ್ಕಿಗೆ ತಿರುಗಿ, ಅಮ್ಮನನ್ನು ನೆನೆದು ಕೈಮುಗಿದ.