ಉಯಿಲಿನಲ್ಲಿ ಬೇಡವಾದ ಮುತ್ತಜ್ಜ

ಹಳೆಯ ದಾಖಲೆ ಕಚೇರಿಗೆ ಧನಂಜಯರಾಜ್ ಎಂಬ ದೊಡ್ಡ ಮನುಷ್ಯರು ಬಂದು ಬೆಳ್ಳಿ ಗಡಿಯಾರವೊಂದನ್ನು ಮೇಜಿನ ಮೇಲಿಟ್ಟರು. "ಇಂಗ್ಲಿಷ್ ದೊರೆ ನಮ್ಮ ಮುತ್ತಜ್ಜನಿಗೆ ಬಿಟ್ಟುಹೋದದ್ದು. ವಂಶಚರಿತ್ರೆ ಅಚ್ಚು ಹಾಕಿಸ್ತಿದೀನಿ. ದೊರೆಯ ಉಯಿಲಿನ ನಕಲು ಬೇಕು."

ಗುಮಾಸ್ತೆ ಜಲಜಾಕ್ಷಿ ಮೂರು ದಿನ ಧೂಳು ಕುಡಿದು ಹುಡುಕಿದಳು. ದೊರೆ ಸತ್ತ ವರ್ಷದ ಕಟ್ಟಿನಲ್ಲಿ ಇರಲಿಲ್ಲ. ಕೋರ್ಟು ಉಯಿಲನ್ನು ಒಪ್ಪಿದ ವರ್ಷದ ಕಟ್ಟಿನಲ್ಲಿ ಸಿಕ್ಕಿತು. ಧನಂಜಯರಾಜ್ ಮತ್ತೆ ಬಂದು ಗಡಿಯಾರವನ್ನು ಮೇಜಿನ ಮೇಲಿಟ್ಟು ಕೂತಾಗ ಓದಿ ಹೇಳಿದಳು: "ನನ್ನ ಪ್ರಾಣ ಉಳಿಸಿದ, ನನ್ನ ಕುದುರೆ ತೊಳೆಯುವ ಮುನಿಗನಿಗೆ ನನ್ನ ಬೆಳ್ಳಿ ಗಡಿಯಾರ."

ಧನಂಜಯರಾಜ್ ಸಿಡಿದರು. "ಕುದುರೆ ತೊಳೆಯೋದಾ? ಆ ಮಾತು ತೆಗೆದು 'ಮ್ಯಾನೇಜರ್' ಅಂತ ಬರೆದು ಸೀಲು ಹಾಕು. ಇಲ್ಲಾಂದ್ರೆ ನಾಳೆನೇ ನಿನ್ನ ಎತ್ತಂಗಡಿ!"

ಜಲಜಾಕ್ಷಿಗೆ ಮೈಯೆಲ್ಲ ಉರಿಯಿತು. ಆದರೂ ತಣ್ಣಗೆ ಒಂದು ಬಿಳಿ ಹಾಳೆ ಮುಂದಿಟ್ಟಳು.

"ಆಗ್ಲಿ ಸಾರ್. ಯಾವ ಮಾತು ತೆಗೀಬೇಕು, ಯಾಕೆ ತೆಗೀಬೇಕು ಅಂತ ನಿಮ್ಮ ಕೈಯಾರೆ ಅರ್ಜಿ ಬರೆದುಕೊಡಿ. ಅದನ್ನ ಉಯಿಲಿನ ಜೊತೆಗೇ ಹೊಲಿದಿಡ್ತೀವಿ. ಮುಂದೆ ನಿಮ್ಮ ಮರಿಮಗ ಹುಡುಕಿಕೊಂಡು ಬಂದ್ರೆ ಎರಡನ್ನೂ ಓದ್ಕೊಳ್ಳಲಿ."

ಧನಂಜಯರಾಜ್ ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು. ಗಡಿಯಾರದ ಕಡೆಗೆ ಕೈ ಚಾಚಿದರು.

ಜಲಜಾಕ್ಷಿ ತಡೆದಳು. "ಅದು ಕುದುರೆ ತೊಳೆದವರದು ಸಾರ್. ಅವರು ನಿಮಗೆ ಏನಾಗಬೇಕು ಅಂತ ಹೇಳಿ ತಗೊಳ್ಳಿ."