ಹಗಲುದೀಪದ ಪೇಟೆ

ಮುತ್ತಲಗಟ್ಟಿಯ ಬಸ್ ನಿಲ್ದಾಣದಿಂದ ಹಳೇ ಊರಿನ ಅಗಸಿಬಾಗಿಲಿನ ಕಡೆಗೆ ನಡೆದರೆ ಎಡಕ್ಕೆ ಒಂದು ಓಣಿ ತೆರೆದುಕೊಳ್ಳುತ್ತದೆ. ಎರಡೂ ಬದಿಗೆ ತಗ್ಗು ಮಾಳಿಗೆಯ ಅಂಗಡಿಗಳು. ಒಂದು ಕಾಲಕ್ಕೆ ಅರಳೆಯ ಗಂಟುಗಳಿಂದ ತುಂಬಿರುತ್ತಿದ್ದ ಇವುಗಳಲ್ಲಿ ಈಗ ಮೊಬೈಲ್ ರಿಪೇರಿ, ಸ್ಟೀಲ್ ಪಾತ್ರೆ, ಸಿದ್ಧ ಉಡುಪು, ಬೀಜ-ಗೊಬ್ಬರದ ವ್ಯಾಪಾರ ನಡೆಯುತ್ತದೆ. ಓಣಿ ಎಷ್ಟು ಕಿರಿದೆಂದರೆ ಎರಡು ಆಟೋಗಳು ಎದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು. ಯಾವುದು ಸರಿಯಬೇಕೆಂಬ ಚರ್ಚೆಯಲ್ಲಿ ಅಂಗಡಿಯವರೆಲ್ಲ ಭಾಗವಹಿಸುತ್ತಾರೆ. ಒಂದೂ ಮರವಿಲ್ಲ. ನಡುಹಗಲಿನಲ್ಲಿ ನೆರಳಿನ ಗುರುತೂ ಇರುವುದಿಲ್ಲ. ಇಂಥ ಬಿಸಿಲಿನ ಬೀದಿಗೆ ಹಗಲುದೀಪದ ಪೇಟೆ ಎಂದು ಹೆಸರು. ಪುರಸಭೆಯ ಫಲಕದಲ್ಲಿ ಬೇರೆ ಹೆಸರಿದೆ, ಆದರೆ ಅದನ್ನು ಹಿಡಿದು ಕೇಳುತ್ತ ಬಂದವರಿಗೆ ಊರಿನಲ್ಲಿ ಯಾರೂ ದಾರಿ ತೋರಿಸಲಾರರು. ಹೆಸರು ಹೇಗೆ ಬಂತು ಎಂದು ಹೇಳುವವರ ಮಾತು ಸಣ್ಣ ವಿವರಗಳಲ್ಲಿ ಬೇರೆ ಬೇರೆಯಾಗುತ್ತದೆ; ಮುಖ್ಯ ಘಟನೆಯ ವಿಷಯದಲ್ಲಿ ಎಲ್ಲರದೂ ಒಂದೇ ಮಾತು.

ಹಿಂದೆ ಒಮ್ಮೆ, ಕಂಪನಿಯ ಆಳ್ವಿಕೆ ಹೋಗಿ ರಾಣಿಯ ಸರ್ಕಾರ ಬಂದ ಹೊಸತರಲ್ಲಿ, ಛೋಗಮಲ ಎಂಬ ಮಾರವಾಡದ ತರುಣನೊಬ್ಬ ಹೆಗಲ ಮೇಲೆ ಬಟ್ಟೆಯ ಗಂಟು ಹೊತ್ತು ಈ ಊರಿಗೆ ಬಂದ ಎನ್ನುತ್ತಾರೆ. ಮರಳುನಾಡಿನಲ್ಲಿ ಹುಟ್ಟಿದವನಿಗೆ ಇಲ್ಲಿಯ ಎರೆಮಣ್ಣು ಮೊದಲ ಮಳೆಗೇ ಪಾಠ ಕಲಿಸಿತು. ಕಾಲಿನ ಜೋಡುಗಳೆರಡನ್ನೂ ಕೆಸರು ನುಂಗಿಕೊಂಡಿತು. ಅವನು ಬರಿಗಾಲಲ್ಲಿ ಅಗಸಿ ದಾಟಿದ. ಸೀರೆ, ಧೋತರ ಮಾರುತ್ತ ಹಳ್ಳಿ ಹಳ್ಳಿ ಸುತ್ತಿದ. ಹತ್ತಿಯ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ, ಯಾವ ಹೊಲದ್ದು ನೀಳ, ಯಾವುದು ಗಿಡ್ಡ ಎಂದು ಹೇಳುವುದನ್ನು ಕಲಿತ. ಅಷ್ಟರಲ್ಲಿ ಎಲ್ಲೋ ಸಮುದ್ರದಾಚೆ ಯುದ್ಧ ಹತ್ತಿಕೊಂಡು, ಅಲ್ಲಿಯ ಹತ್ತಿ ಬರುವುದು ನಿಂತು, ಬೊಂಬಾಯಿಯಲ್ಲಿ ಅರಳೆಗೆ ಬಂಗಾರದ ಬೆಲೆ ಬಂತು. ಆ ಭರದಲ್ಲಿ ಗಳಿಸಿದವರು ಅನೇಕರು, ಬೆಲೆ ಬಿದ್ದಾಗಲೂ ಉಳಿದವರು ಕೆಲವರೇ. ಛೋಗಮಲ ಉಳಿದ. ನಾಳೆಯ ಬೆಲೆಯ ಮೇಲೆ ಅವನು ಎಂದೂ ಬಾಜಿ ಕಟ್ಟಿರಲಿಲ್ಲ. ಓಣಿಯಲ್ಲಿ ತನ್ನದೇ ಪೇಢಿ ತೆರೆದು, ಜನರ ಹಣ ಇಟ್ಟುಕೊಳ್ಳುವ, ಸಾಲ ಕೊಡುವ ಕಸುಬಿಗೆ ಕೂತ. ಅವನು ಬರೆದುಕೊಟ್ಟ ಹುಂಡಿಯ ಚೀಟಿಯನ್ನು ಕುಮಟೆಯ ಬಂದರಿನಲ್ಲಿ ತೋರಿಸಿದರೆ ಮರುಮಾತಿಲ್ಲದೆ ಹಣ ಸಿಗುತ್ತಿತ್ತು. ಬೆಳ್ಳಿಯ ರೂಪಾಯಿ ಹೊತ್ತು ಘಟ್ಟ ಇಳಿಯುವ ಭಯ ವ್ಯಾಪಾರಿಗಳಿಗೆ ತಪ್ಪಿತು. ಗಾಣಗಿತ್ತಿಯಿಂದ ಗೌಡರವರೆಗೆ ಎಲ್ಲರೂ ಉಳಿಸಿದ್ದನ್ನು ಅವನಲ್ಲಿ ಇಟ್ಟರು. ಊರವರ ಬಾಯಲ್ಲಿ ಅವನು ಚೊಗಮಲ್ಲಪ್ಪನಾದ. ಅವನನ್ನು ನೋಡಿ ಮಾರವಾಡದಿಂದ ಇನ್ನಷ್ಟು ಮನೆತನಗಳು ಬಂದು ಅದೇ ಓಣಿಯಲ್ಲಿ ಅಂಗಡಿ ಹಾಕಿದವು.

ಹೀಗೆ ಬಂದವರು ಊಟ ಉಡುಗೆಯ ಜೊತೆಗೆ ಕಸುಬಿನ ಒಂದು ಕಟ್ಟಳೆಯನ್ನೂ ತಂದಿದ್ದರು. ಅವರ ದೇಶದಲ್ಲಿ ಒಬ್ಬ ಸಾಹುಕಾರ ಮುರಿದುಬಿದ್ದರೆ ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ತಾನು ಕೂರುವ ಗಾದಿಯನ್ನು ಮಗುಚಿ ಹಾಕಿ, ಹಾಡುಹಗಲೇ ಅಂಗಡಿಯಲ್ಲಿ ತುಪ್ಪದ ದೀಪ ಹಚ್ಚಿಟ್ಟು ಒಳಗೆ ಹೋಗಿಬಿಡುತ್ತಿದ್ದ. ಬೀದಿಯಲ್ಲಿ ಹೋಗುವವರು ನೋಡಿ ಅರ್ಥಮಾಡಿಕೊಳ್ಳುತ್ತಿದ್ದರು: ಇಲ್ಲಿ ಇನ್ನು ಹಣವಿಲ್ಲ. ಈ ಕಾರಣಕ್ಕೆ ಛೋಗಮಲನ ಅಂಗಡಿಯಲ್ಲಿ ಹೊತ್ತು ಮುಳುಗುವ ಮುಂಚೆ ಬೆಂಕಿಯ ಕಿಡಿಯೂ ಕಾಣುವಂತಿರಲಿಲ್ಲ. ಹೆಂಡತಿ ಝಮಕೂಬಾಯಿ ನಡುಮನೆಯಲ್ಲಿ ಹಗಲು ಪೂಜೆಗೆ ದೀಪ ಹಚ್ಚಿದರೂ ಅವನು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬರುತ್ತಿದ್ದ. ಎದುರಂಗಡಿಯ ಅರಳೆ ವ್ಯಾಪಾರಿ ಮುರಿಗೆಪ್ಪ ಶೆಟ್ಟರಿಗೆ ಇದು ದಿನನಿತ್ಯದ ತಮಾಷೆ. “ಸೇಟಜಿ, ಸೂರ್ಯಗೂ ಒಂದು ಪರದೆ ಕಟ್ಟಿಬಿಡ್ರಿ” ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಅರಳೆಯ ದರದ ಮೇಲೆ ಇಬ್ಬರಿಗೂ ದಿನಾ ಜಗಳ. ಜಗಳ ಮುಗಿದ ಮೇಲೆ ಒಂದೇ ತಟ್ಟೆಯ ಎಲೆಯಡಿಕೆ. ಛೋಗಮಲನ ಕನ್ನಡ ಪೇಟೆಯ ಕನ್ನಡ: ದರ, ತೂಕ, ನಾಳೆ ಬಾ. ಝಮಕೂಬಾಯಿ ಮುಸುಕಿನ ಹೆಣ್ಣು, ಅಂಗಡಿಯ ಕಟ್ಟೆಗೆ ಎಂದೂ ಬಂದವಳಲ್ಲ. ಆದರೆ ಹಿತ್ತಲ ಗೋಡೆಯ ಮೇಲಿಂದ ನೆರೆಯವರೊಂದಿಗೆ ಉಪ್ಪಿನಕಾಯಿ, ಬಾಣಂತನ, ಹಬ್ಬ ಹುಣ್ಣಿಮೆ ಮಾತಾಡುತ್ತ ಗಂಡನಿಗಿಂತ ಚೆನ್ನಾಗಿ ಕನ್ನಡ ಕಲಿತಿದ್ದಳು. ಬೈಗುಳವೂ ಬರುತ್ತಿತ್ತು ಎನ್ನುತ್ತಾರೆ.

ಹೋಳಿ ಮುಗಿದ ಮೇಲಿನ ಮೊದಲ ಸಂತೆಯ ದಿನ ಅದು. ಹತ್ತಿಯ ಸುಗ್ಗಿ. ಸುಗ್ಗಿಯಲ್ಲಿ ರೈತರಿಗೆ ಚೀಟಿ ನಡೆಯುವುದಿಲ್ಲ, ಬೆಳ್ಳಿಯೇ ಬೇಕು; ಹಾಗಾಗಿ ಪೇಟೆಯ ಎಲ್ಲ ಪೇಢಿಗಳ ಬೆಳ್ಳಿಯೂ ಹಳ್ಳಿಗಳಿಗೆ ಹೋಗಿತ್ತು. ಕುಮಟೆಯಿಂದ ಹೊಸ ಬೆಳ್ಳಿ ಹೊತ್ತ ಬಂಡಿಗಳು ಸಂಜೆಯೊಳಗೆ ಬರಬೇಕಿತ್ತು. ಛೋಗಮಲ ನಡುಹಗಲ ಊಟ ಮುಗಿಸಿ ಗಾದಿಯ ಮೇಲೆ ಕೂರಲು ಬಗ್ಗಿದಾಗ ಅಂಗೈಯಗಲದ ಕರಿಚೇಳೊಂದು ಒರಗುದಿಂಬಿನ ಬಳಿಯಿಂದ ಓಡಿ ಗಾದಿಯ ಕೆಳಗೆ ಸೇರಿತು. ಮರಳುನಾಡಿನಲ್ಲಿ ಬಾಲ್ಯದಲ್ಲಿ ಕಡಿಸಿಕೊಂಡಿದ್ದ ನೆನಪು ಅವನ ಮೈಯಲ್ಲಿ ಇನ್ನೂ ಇತ್ತು. ಅವನು ಗಾದಿಯನ್ನು ಎರಡೂ ಕೈಯಲ್ಲಿ ಎತ್ತಿ ಮಗುಚಿ ಹಾಕಿದ. ಗೋಡೆಯ ಸಂದಿಯಲ್ಲಿ ಕತ್ತಲೆ. ದೇವರ ಮುಂದಿನ ಹಣತೆಯನ್ನು ತಂದು, ಹಚ್ಚಿ, ಮೊಣಕಾಲೂರಿ ಸಂದಿಯೊಳಗೆ ಇಣುಕಿದ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಕಟ್ಟಳೆ ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಇರಲಿಲ್ಲ. ಚೇಳು ಮಾತ್ರ ಇತ್ತು.

ಅದೇ ಹೊತ್ತಿಗೆ ಬೀದಿಯಲ್ಲಿ ಬಚ್ಛರಾಜ ಬಂದ. ಅವನೂ ಮಾರವಾಡದವನೇ; ಓಣಿಯ ಕೊನೆಯಲ್ಲಿ ಹೊಸದಾಗಿ ಪೇಢಿ ಇಟ್ಟವನು. ಮಗುಚಿದ ಗಾದಿ ಕಂಡ. ಉರಿಯುವ ದೀಪ ಕಂಡ. ಸಾಹುಕಾರ ಮೊಣಕಾಲೂರಿ ತಲೆ ತಗ್ಗಿಸಿದ್ದನ್ನು ಕಂಡ. ಅವನಿಗೆ ಇನ್ನೇನೂ ಕೇಳಬೇಕಾಗಿರಲಿಲ್ಲ. “ಛೋಗಮಲ ಪಾಪರ್ ಆದರು!” ಎಂದು ಕೂಗುತ್ತ ಓಡಿದ. ಮೊದಲು ಮಾರವಾಡಿಗಳು ಹುಂಡಿಯ ಚೀಟಿ ಹಿಡಿದು ಬಂದರು. ಅವರು ಓಡಿದ್ದನ್ನು ನೋಡಿ ಊರವರು ಬಂದರು. ಸಂತೆಗೆ ಬಂದವರು ಏನೆಂದು ತಿಳಿಯದೆಯೂ ಬಂದು ನಿಂತರು. ಛೋಗಮಲ ತಲೆ ಎತ್ತಿ ನೋಡಿದಾಗ ಓಣಿಯ ಬಿಸಿಲೇ ಮರೆಯಾಗುವಷ್ಟು ಜನ. ಏನಾಯಿತೆಂದು ಅವನಿಗೆ ಆಗ ಹೊಳೆಯಿತು. ಬೆಳ್ಳಿ ಹಳ್ಳಿಗೆ ಹೋಗಿದೆ, ಸಂಜೆ ಬರುತ್ತದೆ, ಗಾದಿ ಎತ್ತಿದ್ದು ಚೇಳಿಗಾಗಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ರೊಕ್ಕ ಎಲ್ಲೈತಿ ಅಂದ್ರ ಚೇಳು ಅಂತೀರಲ್ಲ ಸೇಟಜಿ!” ಎಂದಳು ಗಾಣದ ನೀಲವ್ವ. ಮೊಮ್ಮಗಳ ಮದುವೆಗೆಂದು ಎಣ್ಣೆ ಮಾರಿದ ಹಣವನ್ನೆಲ್ಲ ಅವಳು ಇಲ್ಲಿ ಇಟ್ಟಿದ್ದಳು. “ಚೇಳಿಗೆ ಬಡ್ಡಿ ಎಷ್ಟು ಕೊಟ್ರಿ?” ಎಂದ ಹಿಂದಿನಿಂದ ಯಾರೋ. ನಗು ಎದ್ದಿತು, ಆದರೆ ಯಾರೂ ಕದಲಲಿಲ್ಲ. ಛೋಗಮಲನಿಗೆ ಲೆಕ್ಕ ಸ್ಪಷ್ಟವಿತ್ತು. ಇವರು ಸಂಜೆಯವರೆಗೆ ತಾಳಿದರೆ ಪೇಢಿ ಗಟ್ಟಿ. ಈಗಲೇ ಕೇಳಿದರೆ ಕೊಡಲಾಗುವುದಿಲ್ಲ. ಒಬ್ಬನಿಗೆ ಇಲ್ಲವೆಂದ ಕೂಡಲೆ ಇಲ್ಲದ ದಿವಾಳಿ ನಿಜವಾಗುತ್ತದೆ, ಕುಮಟೆಯಲ್ಲಿ ಅವನ ಚೀಟಿಯನ್ನು ಯಾರೂ ಮುಟ್ಟುವುದಿಲ್ಲ. ಬರಿಗಾಲಲ್ಲಿ ಬಂದು ಕಟ್ಟಿದ ಹೆಸರು ಒಂದು ಹಣತೆಯ ಬೆಳಕಿನಲ್ಲಿ ಹೋಗುತ್ತದೆ. ಅವನು ದೀಪ ಆರಿಸಲು ಕೈ ಚಾಚಿದ.

“ಆರಿಸಬೇಡಿ” ಎಂದಿತು ಒಳಬಾಗಿಲಿನಿಂದ ಒಂದು ದನಿ, ಅವರ ಮನೆಮಾತಿನಲ್ಲಿ. “ಆರಿಸಿದರೆ ಅಡಗಿಸಿದ ಹಾಗಾಗುತ್ತದೆ.” ಮುಸುಕನ್ನು ಹಣೆಯವರೆಗೆ ಸರಿಸಿಕೊಂಡು ಝಮಕೂಬಾಯಿ ಕಟ್ಟೆಗೆ ಬಂದಳು. ಆಕೆಯನ್ನು ಪೇಟೆ ಕಂಡಿದ್ದು ಅದೇ ಮೊದಲು. ಗದ್ದಲ ತಾನಾಗಿ ಇಳಿಯಿತು. ಆಕೆ ಹಣತೆಯನ್ನು ಕೈಗೆ ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ಹೊಸ್ತಿಲ ಪಕ್ಕದ ಗೂಡಿನಲ್ಲಿಟ್ಟು, ನೀಲವ್ವನ ಕಡೆ ತಿರುಗಿದಳು.

“ನೀಲವ್ವಾ, ನೀ ದೀಪ ಹಚ್ಚಿದ ಮ್ಯಾಲ ನಾ ನಿಮ್ಮನಿಗೆ ಬಂದು ರೊಕ್ಕ ಕೇಳಿದ್ರ ಕೊಡ್ತೀಯೇನು?”

“ಹೆಂಗ ಕೊಡ್ಲಿ ಬಾಯಾರ? ದೀಪ ಹಚ್ಚಿದ ಮ್ಯಾಲ ರೊಕ್ಕ ಹೊಸ್ತಿಲ ದಾಟಿದ್ರ ಲಕ್ಷ್ಮಿ ಎದ್ದು ಹೋಗ್ತಾಳ. ಕೊಡಾಂಗೂ ಇಲ್ಲ, ಕೇಳಾಂಗೂ ಇಲ್ಲ.”

“ಮತ್ತ ನನ್ನ ಮನ್ಯಾಗ ಏನು ಉರಿಯಾಕ ಹತ್ತೇತಿ, ನೋಡು.”

ನೀಲವ್ವ ನೋಡಿದಳು. “ಅದು ಮುಸ್ಸಂಜಿ ಮಾತ್ರಿ, ಈಗ ನಡುಹಗಲ ಐತಿ” ಎಂದ ಒಬ್ಬ. “ಲಕ್ಷ್ಮಿ ಹೊತ್ತು ನೋಡಿ ಹೋಗ್ತಾಳೇನೋ, ಶಾಣ್ಯಾ?” ಎಂದು ನೀಲವ್ವನೇ ಅವನ ಮೇಲೆ ತಿರುಗಿಬಿದ್ದಳು. “ಉರಿಯೋ ದೀಪದ ಮುಂದ ರೊಕ್ಕ ಕೇಳಿ ನಾ ಯಾಕ ಪಾಪ ಕಟ್ಟಿಕೊಳ್ಳಲಿ? ಆರಲಿ, ಆಮ್ಯಾಲ ಕೇಳ್ತೀನಿ.” ಊರ ಹೆಂಗಸರೆಲ್ಲ ಅವಳ ಮಾತಿಗೆ ತಲೆಯಾಡಿಸಿದರು. ಗಂಡಸರು ಹೆಂಗಸರ ಮುಖ ನೋಡಿದರು. ಝಮಕೂಬಾಯಿ ಏನೂ ಆಗಿಲ್ಲವೆಂಬಂತೆ ಹಣತೆಗೆ ಇನ್ನಷ್ಟು ತುಪ್ಪ ಹಾಕಿದಳು.

ಆದರೆ ಮಾರವಾಡಿಗಳು ಒಪ್ಪಲಿಲ್ಲ. ಅದು ಊರವರ ನಂಬಿಕೆ, ತಮ್ಮಲ್ಲಿ ಹಗಲುದೀಪಕ್ಕೆ ಇರುವುದು ಒಂದೇ ಅರ್ಥ ಎಂದು ಬಚ್ಛರಾಜ ಚೀಟಿ ಎತ್ತಿ ಹಿಡಿದು ಕೂಗತೊಡಗಿದ. ಆಗ ಎದುರಂಗಡಿಯಲ್ಲಿ ಇಷ್ಟೂ ಹೊತ್ತು ಎಲೆ ಜಗಿಯುತ್ತ ಕೂತಿದ್ದ ಮುರಿಗೆಪ್ಪ ಶೆಟ್ಟರು ಎದ್ದರು. ಪೇಟೆಯಲ್ಲಿ ಛೋಗಮಲನ ಅತಿ ದೊಡ್ಡ ಹುಂಡಿ ಇದ್ದದ್ದು ಶೆಟ್ಟರ ಕೈಯಲ್ಲಿ. ಅವರೊಬ್ಬರು ಕೇಳಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಶೆಟ್ಟರು ಜನರನ್ನು ಸರಿಸಿಕೊಂಡು ಬಂದು ಕಟ್ಟೆಯ ಮುಂದೆ ನಿಂತರು.

“ತಂಗಿ, ನನಗೂ ಒಂದು ದೀಪ ಹಚ್ಚಿಕೊಡು.”

ಝಮಕೂಬಾಯಿ ಇನ್ನೊಂದು ಹಣತೆ ಹಚ್ಚಿಕೊಟ್ಟಳು. ಶೆಟ್ಟರು ಅಂಗೈ ಅಡ್ಡ ಹಿಡಿದುಕೊಂಡು ಓಣಿ ದಾಟಿ, ತಮ್ಮ ಅಂಗಡಿಯ ಗೂಡಿನಲ್ಲಿ ಅದನ್ನಿಟ್ಟು, ತಮ್ಮ ಗಾದಿಯನ್ನೂ ಕಾಲಿನಿಂದ ಮಗುಚಿದರು. “ಈಗ ನಾನೂ ಪಾಪರ ಏನ್ರಿ? ಯಾರರೆ ಹೇಳ್ರಿ!” ಶೆಟ್ಟರ ಹೊಲಗಳು ಕಣ್ಣು ಹಾಯುವಷ್ಟು ದೂರ ಹಬ್ಬಿದ್ದವೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. “ಈ ಸೇಟ ಮುಳುಗಿದ್ರ ನಾ ನಾಳೆ ಯಾರ ಜೋಡಿ ಜಗಳಾಡ್ಲಿ?” ಎಂದು ಗೊಣಗಿ, ಮೆಲ್ಲಗೆ ಓಣಿಯ ಕೊನೆಯ ಕಡೆ ನೋಡಿದರು. “ದೀಪ ಇದ್ದಲ್ಲಿ ರೊಕ್ಕ ಕೇಳಾಂಗಿಲ್ಲ, ಖರೆ. ದೀಪ ಇಲ್ಲದಲ್ಲಿ ಏನು ಅಡ್ಡಿ? ಬಚ್ಛರಾಜ ಸೇಟಜಿ, ನಿಮ್ಮಂಗಡ್ಯಾಗ ದೀಪ ಕಾಣವಲ್ದು. ನಿಮ್ಮದೊಂದು ಹುಂಡಿ ನನ್ನ ಕಡೆ ಐತಿ. ಬರ್ರಿ, ಕೊಡ್ರಿ.”

ಜನರೆಲ್ಲ ಒಟ್ಟಿಗೆ ಬಚ್ಛರಾಜನ ಕಡೆ ತಿರುಗಿದರು. ಅವನಲ್ಲಿ ಹಣ ಇಟ್ಟವರಿಗೂ ತಮ್ಮ ಹಣ ಆಗಲೇ ನೆನಪಾಯಿತು. ಅವನ ಬೆಳ್ಳಿಯೂ ಹಳ್ಳಿಗಳಲ್ಲೇ ಇತ್ತು. ಎತ್ತಿ ಹಿಡಿದ ಕೈ ನಿಧಾನವಾಗಿ ಇಳಿಯಿತು. ದೀಪ ಹಚ್ಚಿದರೆ ತನ್ನ ಬಾಯಿಂದಲೇ ತಾನು ಮುರಿದೆನೆಂದ ಹಾಗೆ. ಹಚ್ಚದಿದ್ದರೆ ಈಗಿಂದೀಗ ಮುರಿಯುತ್ತಾನೆ. ಅವನು ಹೆಚ್ಚು ಯೋಚಿಸಲಿಲ್ಲ. “ಅಮ್ಮಾ, ನಿಮ್ಮಲ್ಲಿ ಎಣ್ಣೆ ಇದೆಯೆ?” ಎಂದು ನೀಲವ್ವನ ಹಿಂದೆ ಬಿದ್ದ. ಉಳಿದ ಸಾಹುಕಾರರೂ ಬಿದ್ದರು. ನೀಲವ್ವ ಗಾಣದ ಮನೆಯಿಂದ ಕೊಡ ತರಿಸಿದಳು. ಹಣತೆ ಸಿಗದವರು ತೆಂಗಿನ ಚಿಪ್ಪಿನಲ್ಲಿ, ತೂಕದ ತಟ್ಟೆಯಲ್ಲಿ ಬತ್ತಿ ಹಾಕಿದರು. ಸಂತೆಯ ಜನ ತರಕಾರಿ ಬಿಟ್ಟು ಇದನ್ನು ನೋಡಲು ನಿಂತರು. ಸುಡುಬಿಸಿಲಿನಲ್ಲಿ ಒಂದಾದ ಮೇಲೊಂದು ಅಂಗಡಿಯಲ್ಲಿ, ಕಂಡೂ ಕಾಣದಂಥ ಬೆಳಕು ಹತ್ತಿಕೊಳ್ಳುತ್ತ ಹೋಯಿತು. ಯಾರು ಗಟ್ಟಿ, ಯಾರು ಮುರಿದವರು ಎಂದು ಹೇಳುವ ಗುರುತೇ ಪೇಟೆಯಲ್ಲಿ ಉಳಿಯಲಿಲ್ಲ. ಛೋಗಮಲ ತನ್ನ ಕಟ್ಟೆಯ ಮೇಲೆ ನಿಂತು ನೋಡಿದ. ಅಪಾಯ ಇನ್ನೂ ಕಳೆದಿರಲಿಲ್ಲ, ಆದರೂ ಅವನಿಗೆ ನಗು ತಡೆಯಲಾಗಲಿಲ್ಲ ಎನ್ನುತ್ತಾರೆ.

ಕುಮಟೆಯ ಬಂಡಿಗಳು ಬಂದಾಗ ಊರಿಗೆಲ್ಲ ದೀಪ ಹಚ್ಚುವ ಹೊತ್ತಾಗಿತ್ತು, ಪೇಟೆಯ ದೀಪಗಳು ಊರಿನ ದೀಪಗಳ ಜೊತೆ ಸೇರಿಹೋದವು. ಮರುದಿನ ಬೆಳಿಗ್ಗೆ ಛೋಗಮಲ ಗಾದಿಯನ್ನು ಸರಿಯಾಗಿ ಹಾಸಿ, ಬೆಳ್ಳಿಯ ಚೀಲಗಳ ಬಾಯಿ ಬಿಚ್ಚಿಟ್ಟು, ಬೇಕಾದವರು ಬಂದು ಒಯ್ಯಬಹುದೆಂದು ಡಂಗುರ ಸಾರಿಸಿದ. ಬಹಳ ಹೊತ್ತು ಯಾರೂ ಬರಲಿಲ್ಲ. ಕೊನೆಗೆ ನೀಲವ್ವ ಬಂದಳು. ಅವನು ಮೊಮ್ಮಗಳ ಮದುವೆಯ ಹಣಕ್ಕೆ ಕೈ ಹಾಕಿದ. “ಅದು ಅಲ್ಲೇ ಇರಲಿ ಬಿಡ್ರಿ” ಎಂದಳು ಅವಳು. “ನಿನ್ನಿ ಎಣ್ಣಿ ರೊಕ್ಕ ಕೊಡ್ರಿ. ಪೇಟಿಯವರೆಲ್ಲಾ ನಿಮ್ಮ ಹೆಸರ ಹೇಳ್ಯಾರ.” ಛೋಗಮಲ ಇಡೀ ಪೇಟೆಯ ಎಣ್ಣೆಯ ಹಣ ಕೊಟ್ಟ. ಅಂದು ಅವನ ಪೇಢಿಯಿಂದ ಹೊರಗೆ ಹೋದದ್ದು ಅಷ್ಟೇ. ಚೇಳು ಏನಾಯಿತೆಂದು ಯಾರೂ ಹೇಳುವುದಿಲ್ಲ.

ಛೋಗಮಲನ ವಂಶದವರು ಈಗ ಹುಬ್ಬಳ್ಳಿ, ಪುಣೆ ಎಂದು ಹಂಚಿಹೋಗಿದ್ದಾರೆ. ಪೇಢಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಆದರೆ ಹೋಳಿಯ ನಂತರದ ಮೊದಲ ಸಂತೆಯ ದಿನ ನಡುಹಗಲಿಗೆ ಈ ಓಣಿಗೆ ಹೋದವರು ಪ್ರತಿ ಅಂಗಡಿಯ ಹೊಸ್ತಿಲ ಪಕ್ಕದಲ್ಲೂ ಒಂದು ದೀಪವನ್ನು ಇಂದಿಗೂ ನೋಡಬಹುದು. ಅದು ತಾನಾಗಿ ಆರುವವರೆಗೆ ಇಲ್ಲಿ ಹಣ ಕೈ ಬದಲಾಯಿಸುವುದಿಲ್ಲ. ಫೋನಿನಿಂದ ಹಣ ಕಳಿಸಲು ಇಟ್ಟಿರುವ ಕ್ಯುಆರ್ ಫಲಕದ ಮೇಲೂ ಒಂದು ಕರವಸ್ತ್ರ ಹೊದಿಸಿರುತ್ತಾರೆ. ವ್ಯಾಪಾರವೇನೂ ನಿಲ್ಲುವುದಿಲ್ಲ. ಪಾತ್ರೆ, ಬಟ್ಟೆ, ಬೀಜದ ಚೀಲ, ಏನು ಬೇಕೋ ಅಂಗಡಿಯವರು ಕಟ್ಟಿ ಕೈಗಿಡುತ್ತಾರೆ; ಹೆಸರು ಕೇಳುವುದಿಲ್ಲ, ಬರೆದಿಟ್ಟುಕೊಳ್ಳುವುದಿಲ್ಲ. ಹೊರಊರಿನವರು ಗಲಿಬಿಲಿಗೊಂಡು ಜೇಬಿಗೆ ಕೈ ಹಾಕಿದರೆ, “ಹೋಗ್ರಿ, ಊಟ ಮಾಡಿ ಬರ್ರಿ” ಎನ್ನುತ್ತಾರೆ. ಆ ಮಧ್ಯಾಹ್ನ ಅಗಸಿಯ ಬಳಿಯ ಖಾನಾವಳಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಹಣ ಕೊಡದ ಸಾಮಾನನ್ನು ತೊಡೆಯ ಮೇಲಿಟ್ಟುಕೊಂಡು ಅಪರಿಚಿತರು ಸಾಲಾಗಿ ರೊಟ್ಟಿ ತಿನ್ನುತ್ತಿರುತ್ತಾರೆ, ನಡುನಡುವೆ ಎದ್ದು ಬಾಗಿಲಿಗೆ ಬಂದು, ದೀಪ ಆರಿತೇ ಎಂದು ಓಣಿಯ ಕಡೆ ಇಣುಕಿ ನೋಡುತ್ತಾರೆ.